ಹುಣ್ಣಿಮೆ ನೋಡಿ ಕಾರವಾರಕ್ಕೆ: ಇಬ್ಬರಿಗೆ ಎರಡು ದಿನ

ಉತ್ತರ ಕನ್ನಡದವರಿಗೆ ಕಾರವಾರ ಗೊತ್ತಿಲ್ಲದ ಊರಲ್ಲ. ಡಿಸಿ ಆಫೀಸಿನ ಕೆಲಸ, ಕೋರ್ಟಿನ ತಾರೀಖು, ಮೆಡಿಕಲ್ ಕಾಲೇಜು ಆಸ್ಪತ್ರೆಯ ಚೀಟಿ, ಇಲ್ಲವೇ ಗೋವಾ ಬಸ್ ಹತ್ತುವ ಮುಂಚಿನ ಅರ್ಧ ತಾಸು. ಶಿರಸಿ, ಸಿದ್ದಾಪುರ, ಹಳಿಯಾಳದ ಕಡೆಯವರು ನಸುಕಿಗೆ ಬಸ್ ಹತ್ತಿ, ಕಚೇರಿ ತೆರೆಯುವ ಹೊತ್ತಿಗೆ ಮುಟ್ಟಿ, ಸಹಿ ಬಿದ್ದ ಕೂಡಲೇ ವಾಪಸ್ ಬಸ್ ಹಿಡಿಯುತ್ತಾರೆ. ಹೀಗೆ ಇಪ್ಪತ್ತು ಸಲ ಹೋಗಿ ಬಂದವರೂ ನೋಡಿರುವುದು ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗಿನ ಕಾರವಾರ. ಊರಿನ ಒಳ್ಳೆಯ ಹೊತ್ತೆಲ್ಲ ಅದರ ಆಚೀಚೆ ಇದೆ.

ಆ ಹೊತ್ತನ್ನು ಹಿಡಿಯಲು ಜಾಗಗಳ ಪಟ್ಟಿ ಬೇಡ, ನೀರಿನ ಲೆಕ್ಕ ಬೇಕು. ಕಾರವಾರದಲ್ಲಿ ನೋಡುವಂಥದ್ದೆಲ್ಲ ಕಾಳಿ ನದಿಯ ಬಾಯಿಯ ಸುತ್ತ, ಸಮುದ್ರದ ಅಂಚಿನಲ್ಲಿದೆ. ಒಂದೇ ಜಾಗ ಉಬ್ಬರದಲ್ಲಿ ಒಂದು ತರಹ, ಇಳಿತದಲ್ಲಿ ಇನ್ನೊಂದು ತರಹ. ತಾರೀಖು ಸರಿಯಾಗಿ ಆರಿಸಿಕೊಂಡರೆ ಉಳಿದದ್ದು ತಾನಾಗಿ ಜೋಡಿಯಾಗುತ್ತದೆ. ತಾರೀಖು ತಪ್ಪಿದರೆ ಹೋಟೆಲು, ಬಸ್ಸು ಎಷ್ಟೇ ಚೆನ್ನಾಗಿ ಹೊಂದಿಸಿಕೊಂಡರೂ ಸಂಜೆ ಐದಕ್ಕೆ ಮೊಣಕಾಲು ನೀರಿನಲ್ಲಿ ನಿಂತು, ನಡೆಯಲು ಮರಳೇ ಇಲ್ಲವಲ್ಲ ಅನ್ನಬೇಕಾಗುತ್ತದೆ.

ಲೆಕ್ಕ ಸುಲಭ. ನೀರು ಒಮ್ಮೆ ತುಂಬಿ, ಇಳಿದು, ಮತ್ತೆ ತುಂಬಲು ಸುಮಾರು 12 ತಾಸು 25 ನಿಮಿಷ ಹಿಡಿಯುತ್ತದೆ. ಹಾಗಾಗಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ನಾಳೆಯದು ಇವತ್ತಿಗಿಂತ ಸುಮಾರು 50 ನಿಮಿಷ ತಡ. ಇಲ್ಲಿಯ ಮೀನುಗಾರರ ಕೊಂಕಣಿಯಲ್ಲಿ ಇವು ಭರ್ತಿ, ಸುಕ್ತಿ. ಹುಣ್ಣಿಮೆ ಮತ್ತು ಅಮಾವಾಸ್ಯೆಯ ದಿನ ಕಾರವಾರದಲ್ಲಿ ಹಗಲು ಹನ್ನೊಂದರ ಆಸುಪಾಸು ಉಬ್ಬರ ತುಂಬುತ್ತದೆ, ಸಂಜೆ ಐದರ ಆಸುಪಾಸು ಇಳಿತ ತಳ ಮುಟ್ಟುತ್ತದೆ. ಆ ದಿನಗಳಲ್ಲಿ ಏರಿಳಿತವೂ ದೊಡ್ಡದು. ಅಷ್ಟಮಿಯ ಹೊತ್ತಿಗೆ ಇದು ತಿರುಗುಮುರುಗಾಗಿ ಸಂಜೆಗೆ ಉಬ್ಬರ ಬರುತ್ತದೆ, ಏರಿಳಿತ ಸಣ್ಣದಾಗುತ್ತದೆ. ಅರ್ಧ ತಾಸು ಹಿಂದೆಮುಂದೆ ಆಗುವುದರಿಂದ ಆ ದಿನದ ಸರಿಯಾದ ಸಮಯವನ್ನು ಮೊಬೈಲಿನ ಟೈಡ್ ಆ್ಯಪ್‌ನಲ್ಲಿ ನೋಡಿಕೊಳ್ಳಿ. ಅದರಲ್ಲಿ ಸಮಯದ ಪಕ್ಕ ನೀರಿನ ಎತ್ತರ ಮೀಟರಿನಲ್ಲಿ ಇರುತ್ತದೆ. ದಿನದ ಎರಡು ಇಳಿತಗಳೂ ಒಂದೇ ಸಮ ಇರುವುದಿಲ್ಲ. ಅಂಕಿ ಸಣ್ಣದಿದ್ದಷ್ಟೂ ಮರಳು ಹೆಚ್ಚು.

ಈಗ ಕ್ಯಾಲೆಂಡರ್ ತೆಗೆಯಿರಿ. ನವೆಂಬರ್‌ನಿಂದ ಫೆಬ್ರವರಿಯೊಳಗೆ, ಹುಣ್ಣಿಮೆ ಶನಿವಾರ ಅಥವಾ ಭಾನುವಾರ ಬೀಳುವ ವಾರ ಸಿಕ್ಕರೆ ಅದೇ ನಿಮ್ಮ ವಾರ. ಸಂಜೆ ಐದಕ್ಕೆ ನೀರು ಇಳಿದಿರುತ್ತದೆ, ಆರರ ಮೇಲೆ ಸೂರ್ಯ ಮುಳುಗುವ ಹೊತ್ತಿಗೆ ಪೂರ್ವದ ಗುಡ್ಡಗಳ ಮೇಲೆ ಚಂದ್ರ ಬಂದಿರುತ್ತಾನೆ. ಹುಣ್ಣಿಮೆ ಗುರುವಾರವೇ ಕಳೆದುಹೋಗಿದ್ದರೆ ಶನಿವಾರ ಚಂದ್ರ ಮೂಡುವುದು ಎಂಟರ ಹತ್ತಿರ, ಇಳಿತವೂ ಆರೂವರೆಗೆ ಸರಿದಿರುತ್ತದೆ. ನಡೆಯಬಹುದು, ಆದರೆ ನಡುವೆ ಕತ್ತಲೆ ಸಿಗುತ್ತದೆ. ಎರಡನೇ ಅಥವಾ ನಾಲ್ಕನೇ ಶನಿವಾರವಾದರೆ ಇನ್ನೂ ಒಳ್ಳೆಯದು. ಸರ್ಕಾರಿ ಕಚೇರಿಗಳಿಗೆ ರಜೆ ಇರುವುದರಿಂದ ಪೇಟೆ ಅರ್ಧಕ್ಕರ್ಧ ಖಾಲಿ, ಊಟದ ಹೋಟೆಲಿನಲ್ಲಿ ಜಾಗ ಬೇಗ ಸಿಗುತ್ತದೆ.

ಕೆಲವು ಎಚ್ಚರಿಕೆ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ಗೋವಾದ ಜನಸಾಗರ ಇಲ್ಲಿಯವರೆಗೂ ಚೆಲ್ಲುತ್ತದೆ, ಲಾಡ್ಜ್ ಸಿಗುವುದು ಕಷ್ಟ. ಪುಷ್ಯ ಹುಣ್ಣಿಮೆಗೆ ಕೂರ್ಮಗಡ ದ್ವೀಪದಲ್ಲಿ ನರಸಿಂಹ ದೇವರ ಜಾತ್ರೆ. ಆ ವಾರ ಊರಿನ ಬಣ್ಣವೇ ಬೇರೆ. ಜಾತ್ರೆಗೇ ಹೋಗುವವರು ಹೋಗಿ, ನಿಶ್ಶಬ್ದ ಬೇಕಾದವರು ಬೇರೆ ಹುಣ್ಣಿಮೆ ನೋಡಿ. ಕಡಲತೀರದ ಮಯೂರವರ್ಮ ವೇದಿಕೆಯಲ್ಲಿ ಕರಾವಳಿ ಉತ್ಸವ ನಡೆಯುತ್ತಿದ್ದರೂ ಹಾಗೆಯೇ: ಹಾಡು, ದೀಪ, ಅಂಗಡಿ ಎಲ್ಲ ಇರುತ್ತದೆ, ಬೆಳದಿಂಗಳು ಮಾತ್ರ ಕಾಣುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಲೆಕ್ಕ ಯಾವುದೂ ನಡೆಯುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ, ಮಾರುಕಟ್ಟೆಯಲ್ಲಿ ಮೀನು ಕಡಿಮೆ. ಹೆದ್ದಾರಿಯ ಗುಡ್ಡಗಳೂ ಮಳೆಗೆ ಸಡಿಲಾಗಿರುತ್ತವೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಜನ ಹೋದ ಮೇಲೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಬ್ಬರೇ ಯಾಕೆ? ಕಾರವಾರ ಇಬ್ಬರ ಅಳತೆಯ ಊರು. ಒಂದು ಆಟೊ ಸಾಕು, ಒಂದು ಬೈಕ್ ಸಾಕು, ಊಟಕ್ಕೆ ಕೂತರೆ ಎರಡು ಬಗೆಯ ಮೀನು ಹಂಚಿಕೊಳ್ಳಬಹುದು. ನೀರಿಗೆ ಇಳಿಯುವಾಗಲೂ ಒಬ್ಬರು ದಂಡೆಯಲ್ಲಿರಬೇಕು. ಚೀಲ ಕಾಯಲು ಅಂತ ಅಲ್ಲ, ನೀರಿನಲ್ಲಿರುವವರನ್ನು ನೋಡುತ್ತಿರಲು. ನಾಲ್ಕು ಜನರಾದರೆ ಎಲ್ಲರಿಗೂ ಒಪ್ಪುವ ಜಾಗ ಹುಡುಕುವುದರಲ್ಲೇ ಇಳಿತ ಮುಗಿದಿರುತ್ತದೆ.

ಬರುವ ದಾರಿ ಎಲ್ಲರಿಗೂ ಗೊತ್ತಿರುವಂಥದ್ದೇ. ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾ, ಅಂಕೋಲಾ ಮೇಲಾಗಿ; ಹುಬ್ಬಳ್ಳಿಯಿಂದ ಯಲ್ಲಾಪುರ, ಅರಬೈಲ್ ಘಟ್ಟ ಇಳಿದು ಅಂಕೋಲಾ ಮೇಲಾಗಿ. ಬೆಂಗಳೂರಿನಲ್ಲಿರುವ ಗೆಳೆಯ ಅಥವಾ ಗೆಳತಿ ಪಂಚಗಂಗಾ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿ ಹೊರಟರೆ ಬೆಳಿಗ್ಗೆ ಇಳಿಯುತ್ತಾರೆ, ಅದೇ ರೈಲು ಸಂಜೆ ವಾಪಸ್ ಹೊರಡುತ್ತದೆ. ರೈಲಿನಲ್ಲಿ ಬರುವವರು ಒಂದು ವಿಷಯ ನೆನಪಿಡಬೇಕು: ಸ್ಟೇಷನ್ ಇರುವುದು ಪೇಟೆಯಲ್ಲಲ್ಲ, ಆರೇಳು ಕಿ.ಮೀ. ಒಳಗೆ ಶಿರವಾಡದಲ್ಲಿ. ರೈಲು ಬಂದ ಹೊತ್ತಿಗೆ ಆಟೊಗಳು ನಿಂತಿರುತ್ತವೆ, ದರವನ್ನು ಹತ್ತುವ ಮುಂಚೆ ಮಾತಾಡಿ. ವಾಪಸ್ ಹೋಗುವಾಗ ಆಟೊ ಸಿಗದೆ ರೈಲು ತಪ್ಪುವುದು ಇಲ್ಲಿ ಹೆಚ್ಚು. ಬಿಟ್ಟುಹೋದ ಆಟೊದವರ ಮೊಬೈಲ್ ನಂಬರ್ ಬರೆದಿಟ್ಟುಕೊಂಡರೆ ಭಾನುವಾರ ಸಂಜೆ ಅವರೇ ಬರುತ್ತಾರೆ. ಉಳಿಯಲು ಬಸ್ ಸ್ಟ್ಯಾಂಡ್ ಹತ್ತಿರದ ಲಾಡ್ಜುಗಳೇ ಅನುಕೂಲ. ಕಡಲತೀರ ಅಲ್ಲಿಂದ ನಡೆಯುವಷ್ಟು ದೂರ, ಮಾಜಾಳಿ ಬಸ್ಸೂ ಅಲ್ಲಿಯೇ ಸಿಗುತ್ತದೆ.

ಶನಿವಾರ ಬೆಳಿಗ್ಗೆ ತಿಂಡಿಗೆ ಬನ್ಸ್ ಮತ್ತು ಪಾತಳ ಭಾಜಿ ಕೇಳಿ. ಇಡ್ಲಿ, ದೋಸೆ ಎಲ್ಲ ಊರಲ್ಲೂ ಇದೆ. ತೆಳ್ಳಗಿನ ಕಾಳಿನ ಭಾಜಿಯಲ್ಲಿ ಬಿಸಿ ಬನ್ಸ್ ಅದ್ದಿ ತಿನ್ನುವುದು ಗೋವಾ ಗಡಿಯ ಈ ಪಟ್ಟಿಯ ರೂಢಿ. ಅದು ಮುಗಿಸಿ ಒಂಬತ್ತೂವರೆಯೊಳಗೆ ಸದಾಶಿವಗಡದ ಗುಡ್ಡ ಹತ್ತಿ. ಸಂಜೆ ಸೂರ್ಯಾಸ್ತಕ್ಕೆ ಹೋಗಿ ಎಂದು ಎಲ್ಲರೂ ಹೇಳುತ್ತಾರೆ. ನದೀಮುಖ ಅಲ್ಲಿಂದ ಪಶ್ಚಿಮಕ್ಕಿದೆ, ಸಂಜೆ ಬೆಳಕು ಕಣ್ಣಿಗೇ ಹೊಡೆದು ಕೆಳಗಿನ ನೀರು ಬರೀ ಬೆಳ್ಳಿಯ ತಗಡಿನಂತೆ ಕಾಣುತ್ತದೆ. ಬೆಳಿಗ್ಗೆ ಸೂರ್ಯ ಬೆನ್ನಿಗಿರುತ್ತಾನೆ. ದ್ವೀಪಗಳು, ದೇವಬಾಗದ ಗಾಳಿಮರಗಳ ಸಾಲು, ಕೋಡಿಬಾಗದಿಂದ ಬೈತಖೋಲದವರೆಗೆ ಬಾಗಿದ ಮರಳು, ಒಂದೊಂದೂ ಬೇರೆಯಾಗಿ ಕಾಣುತ್ತದೆ. ಹನ್ನೊಂದರವರೆಗೆ ಕೂತರೆ ಉಬ್ಬರ ನದಿಯೊಳಗೆ ನುಗ್ಗುವುದನ್ನು ನೋಡಬಹುದು. ಸಮುದ್ರದ ನೀರು ಮತ್ತು ನದಿಯ ನೀರು ಸೇರುವಲ್ಲಿ ಬಣ್ಣದ ಒಂದು ಗೆರೆ ಇರುತ್ತದೆ, ನೊರೆ ಮತ್ತು ತೇಲುವ ಎಲೆ ಅದರ ಉದ್ದಕ್ಕೂ ಸಾಲುಗಟ್ಟುತ್ತದೆ. ಆ ಗೆರೆ ನಿಧಾನಕ್ಕೆ ಸೇತುವೆಯ ಕಡೆ ಸರಿಯುತ್ತದೆ. ದಂಡೆಯ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರುಗಳು ಮುಳುಗಿ ಹಸಿರು ಎಲೆಯಷ್ಟೇ ಉಳಿಯುತ್ತದೆ.

ಕೋಟೆ ಸೋಂದೆಯ ಅರಸ ಬಸವಲಿಂಗ ಕಟ್ಟಿಸಿ ತಂದೆ ಸದಾಶಿವನ ಹೆಸರಿಟ್ಟದ್ದು ಎನ್ನುತ್ತದೆ ಇತಿಹಾಸ. ಈಗ ಉಳಿದಿರುವುದು ಕಡಿಮೆ, ಹೆದ್ದಾರಿಯೂ ಈ ಗುಡ್ಡವನ್ನು ಸೀಳಿಯೇ ಹೋಗಿದೆ. ಗೋಡೆ ಹುಡುಕಿಕೊಂಡು ಹೋದರೆ ಬೇಸರವಾದೀತು, ಜಾಗದ ಆಯ್ಕೆ ನೋಡಲು ಹೋಗಿ. ಕಾಳಿಯೊಳಗೆ ಯಾವ ಹಡಗು ಬರಬೇಕಾದರೂ ಈ ಗುಡ್ಡದ ಕಣ್ಣಿಗೆ ಬೀಳದೆ ದಾರಿಯಿಲ್ಲ. 1638ರಲ್ಲಿ ಇಂಗ್ಲಿಷರು ಇಲ್ಲಿಯ ಬಟ್ಟೆ ಮತ್ತು ಮೆಣಸಿಗಾಗಿ ವ್ಯಾಪಾರದ ಕೋಠಿ ಹಾಕಿದ್ದು, 1862ರಲ್ಲಿ ಜಿಲ್ಲೆಯನ್ನು ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿ, ಧಾರವಾಡ ಸೀಮೆಯ ಹತ್ತಿ ಇಳಿಸುವ ಬಂದರಾಗಲಿ ಎಂದು ಕಾರವಾರವನ್ನು ಬೆಳೆಸಿದ್ದು, ಎಲ್ಲಕ್ಕೂ ಕಾರಣ ಕೆಳಗೆ ಕಾಣುವ ಈ ನೀರು. ಡಿಸಿ ಆಫೀಸು ಇಲ್ಲಿಗೆ ಬಂದದ್ದೂ ಅದೇ ಕಥೆಯ ಬಾಲ. ಗುಡ್ಡದ ದುರ್ಗಾದೇವಿ ದೇವಸ್ಥಾನ, ಕೆಳಗಿನ ದರ್ಗಾ ಎರಡಕ್ಕೂ ಎಲ್ಲ ಜಾತಿಯ ಜನ ಬರುತ್ತಾರೆ, ಚಪ್ಪಲಿ ಹೊರಗೆ ಬಿಟ್ಟು ಹೋಗಿ ಬನ್ನಿ.

ಸೇತುವೆಯ ವಿಷಯ. ಹಳೆಯ ಕಾಳಿ ಸೇತುವೆ 2024ರ ಆಗಸ್ಟ್ 7ರ ನಸುಕಿನಲ್ಲಿ ಕುಸಿಯಿತು. ಒಂದು ಲಾರಿ ನದಿಗೆ ಬಿತ್ತು, ಚಾಲಕನನ್ನು ಮೀನುಗಾರರು ಮತ್ತು ಪೊಲೀಸರು ಕತ್ತಲೆಯಲ್ಲೇ ಎತ್ತಿದರು. ಆ ಮೇಲೆ ಎರಡೂ ಕಡೆಯ ವಾಹನ ಪಕ್ಕದ ಸೇತುವೆಗೆ ಬಂದು ಬಿತ್ತು. ಫೋಟೊಕ್ಕಾಗಿ ಸೇತುವೆಯ ಮೇಲೆ ಬೈಕ್ ನಿಲ್ಲಿಸಬೇಡಿ. ಗೋವಾದಿಂದ ಬರುವ ಮೀನಿನ ಲಾರಿ ಮತ್ತು ಟ್ಯಾಂಕರುಗಳಿಗೆ ಬ್ರೇಕ್ ಹಾಕುವಷ್ಟು ಜಾಗ ಇಲ್ಲ. ಫೋಟೊ ಬೇಕಾದರೆ ಗುಡ್ಡದಿಂದಲೇ ತೆಗೆಯಿರಿ.

ಮಧ್ಯಾಹ್ನದ ಊಟ ಹನ್ನೆರಡೂವರೆಗೆ. ಎರಡೂವರೆ ದಾಟಿದರೆ ಒಳ್ಳೆಯ ಮೀನು ಮುಗಿದು ಫ್ರಿಜ್ಜಿನದು ಬರುತ್ತದೆ. ಊಟಕ್ಕೆ ಹೇಳಿದರೆ ಅನ್ನ, ಮೀನಿನ ಸಾರು, ಪಲ್ಯ, ಸೋಲಕಡಿ ಬರುತ್ತದೆ, ಫ್ರೈ ಬೇರೆ. ಅನ್ನ ಬಿಳಿಯದೋ ಕುಚ್ಚಿಗೆಯದೋ ಕೇಳುತ್ತಾರೆ, ಕುಚ್ಚಿಗೆಯದೇ ಇರಲಿ. ಬಂಗಡೆ ಸಾರಿನಲ್ಲಿ ತೇಲುವ ಕಪ್ಪುಹಸಿರು ಸಿಪ್ಪೆ ತಿರ್ಫಳ ಎಂಬ ಮಸಾಲೆ ಕಾಯಿಯದು. ಅಗಿಯಬೇಡಿ, ಬದಿಗಿಡಿ, ಅಗಿದರೆ ನಾಲಿಗೆ ಜುಮ್ಮೆಂದು ಹತ್ತು ನಿಮಿಷ ಉಪ್ಪುಹುಳಿ ಗೊತ್ತಾಗುವುದಿಲ್ಲ. ಫ್ರೈ ಹೇಳುವ ಮುಂಚೆ ದರ ಕೇಳುವುದು ಮರ್ಯಾದೆಗೇಡಲ್ಲ. ಇಸವಾಣ (ಅಂಜಲ್ ಮೀನು) ಮತ್ತು ಪಾಪ್ಲೆಟ್‌ನ ದರ ಗಾತ್ರದ ಮೇಲೆ ಬದಲಾಗುತ್ತದೆ, ಮೆನುವಿನಲ್ಲಿ ಅಂಕಿ ಇರುವುದಿಲ್ಲ. ಇಬ್ಬರಿಗೆ ಒಂದು ಇಸವಾಣ ತುಂಡು, ಒಂದು ಪ್ಲೇಟ್ ಲೇಪೆ, ಸಿಕ್ಕರೆ ಬಳಚಿನ (ಚಿಪ್ಪುಮೀನಿನ) ಸುಕ್ಕ ಸಾಕು. ಲೇಪೆ ತೆಳ್ಳಗಿನ ಚಪ್ಪಟೆ ಮೀನು, ರವೆ ಹಚ್ಚಿ ಗರಿಗರಿಯಾಗಿ ಹುರಿದಾಗ ಸಣ್ಣವು ಮುಳ್ಳಿನ ಸಮೇತ ಹೋಗುತ್ತವೆ. ಸೋಲಕಡಿಯನ್ನು ಮೊದಲೇ ಕುಡಿದು ಮುಗಿಸದೆ ಕೊನೆಗಿಡಿ. ಮುರುಗಲ (ಕೋಕಂ) ಹುಳಿ ಮತ್ತು ತೆಂಗಿನ ಹಾಲು ಹುರಿದ ಮೀನಿನ ಮೇಲೆ ಇಳಿಯಬೇಕು.

ಬಿಸಿಲು ಇಳಿಯುವವರೆಗೆ ರೂಮಿನಲ್ಲಿ ಮಲಗಿ. ಮೂರೂವರೆಗೆ ಎದ್ದರೆ ಟ್ಯಾಗೋರ್ ಕಡಲತೀರದ ಯುದ್ಧನೌಕೆ ಮ್ಯೂಸಿಯಂ ನೋಡಲು ಮುಕ್ಕಾಲು ತಾಸು ಸಿಗುತ್ತದೆ. ಚಪಲ್ ಎಂಬ ಈ ನೌಕೆ ಸೋವಿಯತ್ ಮಾದರಿಯ ಕ್ಷಿಪಣಿ ದೋಣಿ, 2005ರಲ್ಲಿ ನಿವೃತ್ತಿಯಾದದ್ದು. ಒಳಗಿನ ಏಣಿಗಳು ಕಡಿದು, ಬಾಗಿಲುಗಳು ಗಿಡ್ಡ. ಮೊಣಕಾಲು ನೋವಿರುವವರು ಮೇಲಿನ ಡೆಕ್ ನೋಡಿ ಸಾಕು ಮಾಡಿ. ಅದರ ಹತ್ತಿರ ನಿಂತಿರುವ ದೊಡ್ಡ ವಿಮಾನ ಟುಪೊಲೆವ್ 142, ಸಮುದ್ರದ ಮೇಲೆ ಹಾರಿ ಜಲಾಂತರ್ಗಾಮಿ ಹುಡುಕುತ್ತಿದ್ದದ್ದು, ನೌಕಾಪಡೆಯಿಂದ 2017ರಲ್ಲಿ ನಿವೃತ್ತಿ. ಒಂದೊಂದು ಎಂಜಿನ್ನಿಗೆ ಒಂದರ ಹಿಂದೊಂದು ಎರಡು ಪ್ರೊಪೆಲ್ಲರ್ ಇರುವುದನ್ನು ಹತ್ತಿರ ನಿಂತು ನೋಡಿ, ಅವು ವಿರುದ್ಧ ದಿಕ್ಕಿಗೆ ತಿರುಗುವಂಥವು.

ಅಲ್ಲಿಂದ ನಾಲ್ಕೂವರೆಗೆ ಆಟೊ ಹಿಡಿದು ಕೋಡಿಬಾಗಕ್ಕೆ, ಕಾಳಿ ಸಮುದ್ರ ಸೇರುವ ಬಾಯಿಗೆ. ಈ ಎರಡು ದಿನದ ಪ್ರವಾಸ ಇರುವುದೇ ಈ ನಡಿಗೆಗಾಗಿ.

ರವೀಂದ್ರನಾಥ ಟ್ಯಾಗೋರರು 1880ರ ದಶಕದ ಆರಂಭದಲ್ಲಿ, ಇಪ್ಪತ್ತೆರಡರ ಆಸುಪಾಸಿನ ಪ್ರಾಯದಲ್ಲಿ, ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದಿದ್ದರು. ಒಂದು ನಾಟಕವನ್ನೂ ಇಲ್ಲಿಯೇ ಬರೆದರು. ಎಲ್ಲರೂ ಅದನ್ನು ಹೇಳುತ್ತಾರೆ. ಅವರೇ ನೆನಪಿಸಿಕೊಂಡ ಇನ್ನೊಂದು ಸಂಗತಿ ನಮಗೆ ಹೆಚ್ಚು ಉಪಯೋಗದ್ದು: ಒಂದು ಬೆಳದಿಂಗಳ ರಾತ್ರಿ ಸಣ್ಣ ದೋಣಿಯಲ್ಲಿ ಕಾಳಿಯ ಮೇಲ್ಗಡೆ ಹೋಗಿ, ಗುಡ್ಡದ ಹಳೆಯ ಕೋಟೆಯ ಹತ್ತಿರ ಇಳಿದು, ವಾಪಸ್ ಬರುವಾಗ ನದೀಮುಖ ಮುಟ್ಟಲು ಬಹಳ ಹೊತ್ತಾಗಿ, ದೋಣಿಯನ್ನು ಅಲ್ಲಿಯೇ ಬಿಟ್ಟು ಮರಳಿನ ಮೇಲೆ ನಡೆದು ಮನೆಗೆ ಬಂದರಂತೆ. ಅದೇ ಮರಳು ಇದು. ಕೋಡಿಬಾಗದಿಂದ ಪೇಟೆಯ ಕಡಲತೀರಕ್ಕೆ ಸುಮಾರು ಮೂರು ಕಿ.ಮೀ. ಸುಮ್ಮನೆ ನಡೆದರೆ ಮುಕ್ಕಾಲು ತಾಸು, ನಿಂತು ನೋಡುತ್ತ ನಡೆದರೆ ಒಂದೂವರೆ ತಾಸು.

ಕೋಡಿಬಾಗದಿಂದಲೇ ಹೊರಡಬೇಕು, ಪೇಟೆಯಿಂದಲ್ಲ. ಚಳಿಗಾಲದ ಮಧ್ಯಾಹ್ನದ ಮೇಲೆ ಗಾಳಿ ವಾಯವ್ಯದಿಂದ ಬೀಸುತ್ತದೆ. ದಕ್ಷಿಣಕ್ಕೆ ನಡೆದರೆ ಅದು ಬೆನ್ನಿಗೆ, ಉತ್ತರಕ್ಕೆ ನಡೆದರೆ ಮರಳಿನ ಸಮೇತ ಕಣ್ಣಿಗೆ. ಬಲಗಡೆ ಸೂರ್ಯ, ಎಡಗಡೆ ಚಂದ್ರ ಬರುವುದೂ ಈ ದಿಕ್ಕಿನಲ್ಲಿಯೇ. ಡಿಸೆಂಬರ್, ಜನವರಿಯಲ್ಲಿ ಸೂರ್ಯ ದಕ್ಷಿಣಕ್ಕೆ ಸರಿದು ಮುಳುಗುವುದರಿಂದ ಇನ್ನೂ ಮುಂದೆಯೇ ಕಾಣುತ್ತಾನೆ, ತಿರುಗಿ ನೋಡಬೇಕಾಗಿಲ್ಲ. ಇಳಿತ ತಳ ಮುಟ್ಟುವ ಕಾಲು ತಾಸು ಮುಂಚೆ ಹೆಜ್ಜೆ ಹಾಕಿದರೆ ಪೇಟೆ ಮುಟ್ಟುವವರೆಗೂ ಗಟ್ಟಿ ಮರಳು ಸಿಗುತ್ತದೆ.

ಚಪ್ಪಲಿ ಕೈಯಲ್ಲಿರಲಿ. ಮೇಲಿನ ಒಣ ಮರಳಿನಲ್ಲಿ ಕಾಲು ಹೂತು ಅರ್ಧ ಕಿ.ಮೀ.ಗೇ ಮೀನಖಂಡ ಹಿಡಿಯುತ್ತದೆ. ನೀರು ಆಗಷ್ಟೇ ಬಿಟ್ಟುಹೋದ ಪಟ್ಟಿ ಅಂಗಳದಷ್ಟು ಗಟ್ಟಿ. ಹೆಜ್ಜೆ ಇಟ್ಟ ಕೂಡಲೇ ಪಾದದ ಸುತ್ತ ಮರಳು ಒಮ್ಮೆಗೆ ಒಣಗಿದಂತೆ ಬೆಳ್ಳಗಾಗಿ, ಕಾಲು ಎತ್ತಿದಾಗ ಮತ್ತೆ ಕಪ್ಪಾಗುತ್ತದೆ. ಭಾರ ಬಿದ್ದಾಗ ಮರಳಿನ ಹರಳುಗಳು ಸಡಿಲಗೊಂಡು ನಡುವೆ ಜಾಗ ಹೆಚ್ಚುತ್ತದೆ, ನೀರು ಆ ಜಾಗಕ್ಕೆ ಇಳಿಯುತ್ತದೆ, ಅದಕ್ಕೇ ಮೇಲ್ಮೈ ಒಣಗಿದಂತೆ ಕಾಣುವುದು. ಈ ಬಿಳಿ ಉಂಗುರ ಮೂಡುವವರೆಗೆ ನೆಲ ಗಟ್ಟಿ ಎಂದು ಲೆಕ್ಕ. ಅದು ಮೂಡದೆ ನೀರು ಪಚಕ್ಕನೆ ಮೇಲೆ ಬಂದರೆ ಕೆಳಗೆ ಕೆಸರಿದೆ, ಒಂದು ಮಾರು ಮೇಲಕ್ಕೆ ಸರಿಯಿರಿ. ನದೀಮುಖದ ಹತ್ತಿರ ಇಂಥ ಹೂಳು ಹೆಚ್ಚು. ಸ್ವಲ್ಪ ಮುಂದೆ ಮರಳಿನ ಮೇಲೆ ಸಾಸಿವೆಗಿಂತ ದಪ್ಪ ಉಂಡೆಗಳು ರಂಗೋಲಿಯ ಹಾಗೆ ಹರಡಿರುತ್ತವೆ, ನಡುವೆ ಪೆನ್ಸಿಲ್ ಹೋಗುವಷ್ಟು ತೂತು. ಅದು ಸಣ್ಣ ಏಡಿಯ ಕೆಲಸ. ಮರಳನ್ನು ಬಾಯಿಗೆ ಹಾಕಿ ತಿನ್ನುವಂಥದ್ದನ್ನು ತೆಗೆದುಕೊಂಡು ಉಳಿದದ್ದನ್ನು ಉಂಡೆ ಮಾಡಿ ಹಿಂದಕ್ಕೆ ಎಸೆಯುತ್ತದೆ. ಐದು ನಿಮಿಷ ಅಲ್ಲಾಡದೆ ಕುಕ್ಕರಗಾಲಿನಲ್ಲಿ ಕೂತರೆ ಹೊರಗೆ ಬರುತ್ತದೆ, ನೆರಳು ಬಿದ್ದರೆ ಇಲ್ಲ. ಹಾಗಾಗಿ ಸೂರ್ಯನಿಗೆ ಮುಖ ಮಾಡಿ ಕೂರಿ.

ದಾರಿಯಲ್ಲಿ ಪೇಟೆಯ ನೀರು ಸಮುದ್ರಕ್ಕೆ ಸೇರುವ ಹಳ್ಳ ಸಿಗುತ್ತದೆ. ಇಳಿತದಲ್ಲಿ ಹಿಮ್ಮಡಿಯಷ್ಟು ನೀರು, ಉಬ್ಬರದಲ್ಲಿ ಮೊಣಕಾಲಿಗೂ ಮೇಲೆ. ದಾಟುವಾಗ ಸಮುದ್ರದ ಬದಿಗೆ ಅಗಲವಾಗಿ ಹರಡಿದಲ್ಲಿ ದಾಟಿ, ಇಕ್ಕಟ್ಟಾದಲ್ಲಿ ಆಳ ಇರುತ್ತದೆ. ನೀರು ಕೊಳಕು, ಕಾಲಿನಲ್ಲಿ ಗಾಯ ಇದ್ದವರು ರಸ್ತೆಗೆ ಹತ್ತಿ ಸುತ್ತಿ ಬನ್ನಿ. ದಂಡೆಯಿಂದ ಹಗ್ಗ ಹಿಡಿದು ಏಂಡಿ ಬಲೆ ಎಳೆಯುವವರು ಸಿಕ್ಕರೆ ನಿಲ್ಲಿ. ಹಗ್ಗ ದಾ‌ಟಬೇಡಿ, ಹಿಂದಿನಿಂದ ಸುತ್ತಿ ಹೋಗಿ. ಬಿಗಿದ ಹಗ್ಗ ಒಮ್ಮೆ ಜಗ್ಗಿದರೆ ಕಾಲು ಕೀಳುತ್ತದೆ. ಕೇಳಿ ಕೈ ಜೋಡಿಸಿದರೆ ಬೇಡ ಅನ್ನುವುದಿಲ್ಲ. ಬಲೆ ದಂಡೆಗೆ ಬಂದ ಮೇಲೆ ಮಾತ್ರ ದೂರ ನಿಂತು ನೋಡಿ, ಅದರಲ್ಲಿ ಬಿದ್ದದ್ದನ್ನು ಕಾಲಿನಿಂದ ಮುಟ್ಟಬೇಡಿ. ಜೆಲ್ಲಿ ಮೀನು ಸತ್ತಂತೆ ಬಿದ್ದಿದ್ದರೂ ಸುಡುತ್ತದೆ. ತಾಗಿದರೆ ಸಮುದ್ರದ ನೀರಿನಲ್ಲೇ ತೊಳೆಯಿರಿ. ಸಿಹಿನೀರು ಹಾಕಿದರೆ, ಉಜ್ಜಿದರೆ ಚರ್ಮಕ್ಕೆ ಅಂಟಿದ ಮುಳ್ಳುಗಳು ಇನ್ನಷ್ಟು ವಿಷ ಬಿಡುತ್ತವೆ.

ಈಜುವ ಆಸೆ ಇದ್ದರೆ ಪೇಟೆಯ ಎದುರಿಗೆ, ಜನ ಇರುವಲ್ಲಿ, ಸೊಂಟದ ನೀರಿನವರೆಗೆ. ಬೈತಖೋಲದ ಗುಡ್ಡ ಮತ್ತು ಎದುರಿನ ದ್ವೀಪಗಳ ಮರೆಯಿಂದ ಇಲ್ಲಿ ಅಲೆ ಸಣ್ಣದು, ಅದನ್ನು ನೋಡಿ ನದೀಮುಖದಲ್ಲೂ ಇಳಿಯುತ್ತಾರೆ. ಅಲ್ಲಿ ಅಲೆಯಲ್ಲ, ಹರಿವು ಅಪಾಯ. ಇಳಿತದಲ್ಲಿ ಇಡೀ ಕಾಳಿಯ ನೀರು ಹೊರಗೆ ಹೋಗುತ್ತಿರುತ್ತದೆ, ಮೇಲೆ ನಯವಾಗಿ ಕಾಣುತ್ತದೆ, ಕಾಲು ನೆಲ ಬಿಟ್ಟರೆ ವಾಪಸ್ ಬರಲಾಗುವುದಿಲ್ಲ. ದೋಣಿ ಹತ್ತುವವರೂ ಲೈಫ್ ಜಾಕೆಟ್ ಇಲ್ಲದ ದೋಣಿಯನ್ನು ಬಿಟ್ಟುಬಿಡಿ, ತುಂಬಿದ ದೋಣಿಯನ್ನು ಬಿಟ್ಟುಬಿಡಿ. 2019ರ ಜನವರಿ 21ರಂದು ಕೂರ್ಮಗಡ ಜಾತ್ರೆಯಿಂದ ವಾಪಸ್ ಬರುತ್ತಿದ್ದ ದೋಣಿ ಮಗುಚಿ 16 ಜನ ಹೋದರು, ಅದರಲ್ಲಿ ಮಕ್ಕಳಿದ್ದರು. ಕಾರವಾರದ ಜನ ಅದನ್ನು ಮರೆತಿಲ್ಲ.

ಕತ್ತಲಾದ ಮೇಲೆ ಪೇಟೆಯ ಎದುರಿನ ಮರಳಿನಲ್ಲಿ ಸ್ವಲ್ಪ ಹೊತ್ತು ಕೂರಿ. ದೇವಗಡ ದ್ವೀಪದ ದೀಪಸ್ತಂಭ ಮಿನುಗಿ ಆರುವುದನ್ನು ಒಬ್ಬರು ಎಣಿಸಲಿ, ಒಬ್ಬರು ಗಡಿಯಾರ ನೋಡಲಿ. ಪ್ರತಿ ದೀಪಸ್ತಂಭಕ್ಕೂ ಅದರದ್ದೇ ತಾಳ, ನಾವಿಕರು ಊರನ್ನು ಗುರುತಿಸುವುದು ಹಾಗೆಯೇ.

ಭಾನುವಾರ ಇಳಿತ ನಸುಕಿನ ಐದೂವರೆಗೆ ಇರುತ್ತದೆ. ಮಾಜಾಳಿ ಪೇಟೆಯಿಂದ ಹತ್ತು ಕಿ.ಮೀ.ಗೆ ಸ್ವಲ್ಪ ಮೇಲೆ, ಮೊದಲ ಬಸ್ಸನ್ನು ಶನಿವಾರ ರಾತ್ರಿಯೇ ಸ್ಟ್ಯಾಂಡಿನ ವಿಚಾರಣೆ ಕಿಟಕಿಯಲ್ಲಿ ಕೇಳಿಟ್ಟುಕೊಳ್ಳಿ. ಮಾಜಾಳಿಯ ಮೀನುಗಾರರ ಕೇರಿಯಿಂದ ಉತ್ತರಕ್ಕೆ, ಬಂಡೆ ಮತ್ತು ಗುಡ್ಡದ ಅಂಚಿನಲ್ಲಿ ನಡೆದರೆ ತಿಳಮಾತಿ. ಎಳ್ಳು ಚೆಲ್ಲಿದಂತೆ ಕಪ್ಪು ಹರಳಿನ ಮರಳು, ಹೆಸರು ಬಂದದ್ದೂ ಅದರಿಂದಲೇ. ಎರಡು ಬಂಗಾರದ ಬಣ್ಣದ ತೀರಗಳ ನಡುವೆ ಇದೊಂದೇ ಕಪ್ಪು. ಏಳರೊಳಗೆ ಹೋದರೆ ಬಂಡೆಗಳು ನೀರಿನಿಂದ ಹೊರಗಿರುತ್ತವೆ, ಒಂಬತ್ತೂವರೆ ಮೇಲೆ ಏರುವ ನೀರು ಅಂಚಿನ ದಾರಿ ತಿನ್ನಲು ಶುರುಮಾಡುತ್ತದೆ. ಹಸಿರು ಪಾಚಿ ಇರುವ ಬಂಡೆಯ ಮೇಲೆ ಕಾಲಿಡಬೇಡಿ, ಚಿಪ್ಪು ಅಂಟಿದ ಒರಟು ಬಂಡೆ ಜಾರುವುದಿಲ್ಲ. ಇಲ್ಲಿ ಮಾತ್ರ ಚಪ್ಪಲಿ ಸಾಲದು, ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಬೇಕು. ಅಂಗಡಿ ಇಲ್ಲ, ಇಬ್ಬರಿಗೆ ಎರಡು ಲೀಟರ್ ನೀರು ಒಯ್ಯಿರಿ. ಮರಳನ್ನು ಬಾಟಲಿಯಲ್ಲಿ ತುಂಬಿ ತರಬೇಡಿ, ತೀರ ಬಹಳ ಚಿಕ್ಕದು.

ಗೋವಾ ಅಲ್ಲಿಂದ ಕೂಗಳತೆ. ಬಾಟಲಿ ತರುವ ಯೋಚನೆ ಬೇಡ, ಮಾಜಾಳಿ ಚೆಕ್‌ಪೋಸ್ಟಿನಲ್ಲಿ ಚೀಲ ಬಿಚ್ಚಿಸುತ್ತಾರೆ. ಡ್ರೋನ್ ಕೂಡ ಮನೆಯಲ್ಲೇ ಇರಲಿ. ಅರಗಾ, ಬಿಣಗಾ ಕಡೆಯ ಕರಾವಳಿಯೆಲ್ಲ ಕದಂಬ ನೌಕಾನೆಲೆಯದು, ಕ್ಯಾಮೆರಾ ಎತ್ತಿದರೂ ಕೇಳುತ್ತಾರೆ.

ಹತ್ತರ ಹೊತ್ತಿಗೆ ಪೇಟೆಗೆ ಬಂದರೆ ಭಾನುವಾರದ ಸಂತೆ ಭರ್ತಿಯಾಗಿರುತ್ತದೆ. ಘಟ್ಟದ ಮೇಲಿನವರು ಇಲ್ಲಿ ಕೊಳ್ಳಬೇಕಾದದ್ದು ಮೂರು: ಒಣಗಿದ ಮುರುಗಲ ಸಿಪ್ಪೆ, ತಿರ್ಫಳ, ಒಣಮೀನು. ಮುರುಗಲ ಸಿಪ್ಪೆ ಒತ್ತಿದರೆ ಬಾಗಬೇಕು, ಮುರಿದರೆ ಹಳೆಯದು. ತಿರ್ಫಳ ಕೊಳ್ಳುವಾಗ ಬಾಯಿ ಬಿಟ್ಟ ಸಿಪ್ಪೆಯೇ ಹೆಚ್ಚಿರುವುದನ್ನು ನೋಡಿ, ಒಳಗಿನ ಕಪ್ಪು ಬೀಜ ಎಸೆಯುವಂಥದ್ದು, ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಅರ್ಧ ಕಿಲೊ ಬಂಗಡೆಗೆ ಏಳೆಂಟು ಸಿಪ್ಪೆ ಸಾಕು, ಜಜ್ಜಿ, ಸಾರು ಇಳಿಸುವ ಮುಂಚೆ ಹಾಕಬೇಕು. ಮಸಾಲೆಯ ಜೊತೆ ರುಬ್ಬಿದರೆ ಕಹಿ. ಏಪ್ರಿಲ್, ಮೇ ತಿಂಗಳಲ್ಲಿ ಬಂದವರಿಗೆ ಕುಮಟಾದ ಸಿಹಿ ಈರುಳ್ಳಿಯ ಗೊಂಚಲು, ಅಂಕೋಲಾದ ಕರಿ ಇಶಾಡ ಮಾವು ಸಿಗುತ್ತದೆ. ಅದಕ್ಕಾಗಿಯೇ ಆ ಸೆಕೆಯಲ್ಲೂ ಬರಬಹುದು ಎಂದು ನನ್ನ ಮತ.

ಮೀನು ಕೊನೆಗೆ ಕೊಳ್ಳಿ, ಬಸ್ ಹತ್ತುವ ಒಂದು ತಾಸು ಮುಂಚೆ. ಕಿವಿರು ಎತ್ತಿ ನೋಡಬೇಕು. ಕೆಂಪಿದ್ದರೆ ಹೊಸದು, ಕಂದಾಗಿದ್ದರೆ ನಿನ್ನೆಯದು. ಕಣ್ಣು ಉಬ್ಬಿ ತಿಳಿಯಾಗಿರಬೇಕು, ಹೊಟ್ಟೆ ಒತ್ತಿದರೆ ಬೆರಳಿನ ಗುರುತು ಉಳಿಯಬಾರದು. ಬಳಚು ಕೊಳ್ಳುವಾಗ ಬಾಯಿ ಬಿಟ್ಟ ಚಿಪ್ಪು ಕಂಡರೆ ಎರಡು ಚಿಪ್ಪು ಒಂದಕ್ಕೊಂದು ತಟ್ಟಿ. ಜೀವ ಇದ್ದರೆ ಮೆಲ್ಲಗೆ ಮುಚ್ಚಿಕೊಳ್ಳುತ್ತದೆ, ಮುಚ್ಚದಿದ್ದರೆ ಬಿಡಿ. "ಅಕ್ಕಾ, ಇದು ಬೇಡ, ಬೇರೆ ಹಾಕಿ" ಅಂದರೆ ಯಾರೂ ಸಿಟ್ಟಾಗುವುದಿಲ್ಲ. ಮನೆಗೆ ಹೋಗಿ ಉಪ್ಪು ನೀರಿನಲ್ಲಿ ಎರಡು ತಾಸು ಇಟ್ಟರೆ ಮರಳು ಕಕ್ಕುತ್ತದೆ. ಬೇಯಿಸಿದ ಮೇಲೂ ಬಾಯಿ ಬಿಡದವನ್ನು ತಿನ್ನಬಾರದು.

ಒಯ್ಯಲು ಥರ್ಮಾಕೋಲ್ ಡಬ್ಬಿ, ಪುಡಿ ಐಸು. ಕರುಳು ತೆಗೆಸಿ, ತೊಳೆಯದೆ, ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಕಟ್ಟಿ, ಒಂದು ಕಿಲೊ ಮೀನಿಗೆ ಕಡಿಮೆಯೆಂದರೂ ಒಂದು ಕಿಲೊ ಐಸು, ತಳಕ್ಕೆ ಅರ್ಧ, ಮೇಲೆ ಅರ್ಧ. ಐಸು ಉಳಿಸಲು ಹೋಗಿ ಬಂಗಡೆ ಕೆಡಿಸಿಕೊಳ್ಳುವವರು ಬಹಳ. ಬಂಗಡೆ, ಸೂರೆಯಂಥ (ಟ್ಯೂನಾ) ಮೀನು ಎರಡು ತಾಸು ಬಿಸಿಯಲ್ಲಿ ಕೂತರೆ ಅದರ ಮಾಂಸದಲ್ಲಿ ಹಿಸ್ಟಮಿನ್ ಹುಟ್ಟುತ್ತದೆ, ಆಮೇಲೆ ಎಷ್ಟು ಬೇಯಿಸಿದರೂ ಅದು ಹೋಗುವುದಿಲ್ಲ. ತಿಂದ ಅರ್ಧ ತಾಸಿನಲ್ಲಿ ಮುಖ ಕೆಂಪಾಗಿ ಮೈ ತುರಿಸುತ್ತದೆ, ಜನ ಅದನ್ನು ಮೀನಿನ ಅಲರ್ಜಿ ಎಂದುಕೊಂಡು ಮೀನನ್ನೇ ಬಿಡುತ್ತಾರೆ. ತಪ್ಪು ಐಸಿನದು. ಡಬ್ಬಿಯ ಮುಚ್ಚಳಕ್ಕೆ ಸುತ್ತ ಟೇಪ್ ಹಚ್ಚಿ, ಬಸ್ಸಿನಲ್ಲಿ ಎಂಜಿನ್ ಪಕ್ಕ ಇಡದೆ ಹಿಂದಿನ ಸೀಟಿನ ಕೆಳಗೆ ಇಡಿ. ಕೂರುವುದು ಬಲಗಡೆ, ಅಂಕೋಲಾ ದಾಟುವವರೆಗೆ ಸಮುದ್ರ ಆ ಕಿಟಕಿಗೇ ಆಗಾಗ ಬರುತ್ತದೆ.